ಸಿ.ಎನ್.ಆರ್. ರಾವ್ ಏನು ಮಾಡಿದ್ರು ಅಂತ ಒಂಬತ್ತನೇ ಕ್ಲಾಸಿಗೆ ಹೇಗೆ ಹೇಳೋದು?

ಹಳ್ಳಿ ಮೇಷ್ಟ್ರು:
ಫೆಬ್ರವರಿ 28 ವಿಜ್ಞಾನ ದಿನ. ಪ್ರತಿವರ್ಷ ರಾಮನ್ ಬಗ್ಗೆಯೇ ಆಯ್ತು, ಈ ಸಲ ಸಿ.ಎನ್.ಆರ್. ರಾವ್ ಬಗ್ಗೆ ಮಾತಾಡ್ತೀನಿ ಅಂತ ಒಪ್ಪಿಕೊಂಡುಬಿಟ್ಟೆ. ಬರೆಯೋಕೆ ಕೂತರೆ ಬರೀ ಇಸವಿಗಳು: 1934ರಲ್ಲಿ ಬೆಂಗಳೂರಲ್ಲಿ ಹುಟ್ಟು, 1958ರಲ್ಲಿ ಅಮೆರಿಕದ ಪರ್ಡ್ಯೂನಲ್ಲಿ ಪಿಎಚ್.ಡಿ., 1984ರಿಂದ 94ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ನಿರ್ದೇಶಕರು, 2014ರಲ್ಲಿ ಭಾರತರತ್ನ. ಒಬ್ಬ ಹುಡುಗನ ಮುಂದೆ ಓದಿದೆ. "ಅದ್ಸರಿ ಸರ್, ಅವ್ರು ಏನ್ ಮಾಡಿದ್ರು?" ಅಂದ. "ನ್ಯಾನೊ" ಅಂದೆ. "ಕಾರಾ ಸರ್?" ಅಂದ. ಆಮೇಲೆ ನನಗೂ ಮಾತು ಹೊರಡಲಿಲ್ಲ. ನಮ್ಮ ಲ್ಯಾಬ್ ಅಂದ್ರೆ ಒಂದು ಬೀರು, ಕೀ ಹೆಡ್‌ಮಾಸ್ಟರ್ ಹತ್ತಿರ.

ಬೌಂಡರಿ ಗೆರೆ:
ಸಚಿನ್‌ಗೆ ಕೊಟ್ಟಾಗಲೇ ಇವರಿಗೂ ಭಾರತರತ್ನ ಕೊಟ್ಟಿದ್ದು ಅಂತ ಹೇಳಿ, ಕಿವಿ ನೆಟ್ಟಗಾಗುತ್ತೆ.

ಮಸಿಬಟ್ಟೆ:
ಸಚಿನ್ ಹೆಸರು ತೆಗೆದ್ರೆ ಉಳಿದ ಅರ್ಧ ಗಂಟೆ ಕ್ರಿಕೆಟ್ಟೇ. ಮೇಷ್ಟ್ರೇ, ಮಸಿಯಿಂದ ಶುರು ಮಾಡಿ.

ಪಿಎಚ್.ಡಿ.ಗೆ ಅಂತ ಮೂರು ವರ್ಷ ಇಂಗಾಲದ ನ್ಯಾನೊ ನಳಿಕೆ, ಅಂದ್ರೆ ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಕೊಳವೆ, ಮಾಡಿದವಳು ನಾನು. ಉಗುರಿನ ಸಂದಿಯ ಕಪ್ಪು ನೋಡಿ ಅಮ್ಮ, "ಇಷ್ಟು ಓದಿ ಕೊನೆಗೆ ಮಸಿ ಕೆರೆಯೋ ಕೆಲಸಾನಾ?" ಅನ್ನೋರು. ಹೌದು, ಅದೇ ಕೆಲಸ. ಕುಲುಮೆಯೊಳಗೆ ಕ್ವಾರ್ಟ್ಜ್ ಕೊಳವೆ, ಅದರೊಳಗೆ ಫೆರೋಸೀನ್ ಅನ್ನೋ ಕಿತ್ತಳೆ ಪುಡಿಯ ಆವಿ. ಸುಮಾರು 900 ಡಿಗ್ರಿಗೆ ಅಣು ಒಡೆಯುತ್ತೆ. ಅದರಲ್ಲಿದ್ದ ಕಬ್ಬಿಣ ಕಣ್ಣಿಗೆ ಕಾಣದ ಕಣಗಳಾಗುತ್ತೆ, ಆ ಕಣ ಹಿಡಿದುಕೊಂಡು ಇಂಗಾಲ ನಳಿಕೆಯಾಗಿ ಬೆಳೆಯುತ್ತೆ. ಈ ದಾರಿಯಲ್ಲಿ ರಾವ್ ಅವರ ತಂಡದ್ದು ದೊಡ್ಡ ಕೆಲಸ. 2000ದಲ್ಲಿ ನಿಕಲೋಸೀನ್ (ಕಬ್ಬಿಣದ ಬದಲು ನಿಕಲ್ ಇರೋದು) ಜೊತೆ ಥಯೋಫೀನ್ ಅನ್ನೋ ಗಂಧಕದ ಸಂಯುಕ್ತದ ಆವಿ ಹಾಯಿಸಿ, ಕೊಂಬೆಯ ಹಾಗೆ ಕವಲೊಡೆದ ನಳಿಕೆ ಬೆಳೆಸಿದ್ರು. ಆ ಕವಲಿನಲ್ಲಿ ಕರೆಂಟು ಎರಡೂ ದಿಕ್ಕಿಗೆ ಒಂದೇ ಥರ ಹರಿಯಲಿಲ್ಲ, ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಡಯೋಡಿನಂತೆ ನಡೆದುಕೊಂಡಿತು.

ಇನ್ನೊಂದು ಮಾತು, ಇದು ನನಗೆ ಪದಕಕ್ಕಿಂತ ಹೆಚ್ಚು. ಜಪಾನಿನ ಇಜಿಮಾ ನ್ಯಾನೊ ನಳಿಕೆಗಳ ಬಗ್ಗೆ ಬರೆದದ್ದು 1991ರಲ್ಲಿ. ಆಗ ರಾವ್ ಅವರಿಗೆ 57. ಕಾನ್ಪುರದ ಐಐಟಿಯಲ್ಲಿದ್ದ ಕಾಲದಿಂದ ಲೋಹದ ಆಕ್ಸೈಡುಗಳಲ್ಲಿ ಹೆಸರು ಮಾಡಿದ್ದವರು ಆ ವಯಸ್ಸಲ್ಲಿ ಹೊಸ ಮಸಿಗೆ ಕೈ ಹಾಕಿದ್ರು.

ಹುಡುಗರಿಗೆ ಲೆಕ್ಕ ಕೊಡಿ. ಒಂದು ಸೆಂ.ಮೀ. ಉದ್ದಗಲ ಎತ್ತರದ ಬೆಲ್ಲದ ತುಂಡು, ಆರು ಮುಖ ಸೇರಿ 6 ಚದರ ಸೆಂ.ಮೀ. ಅದನ್ನೇ ಒಂದೊಂದು ನ್ಯಾನೊಮೀಟರಿನ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ತುಂಡು ಮಾಡಿದ್ರೆ ಎಲ್ಲ ಮುಖ ಸೇರಿ 6,000 ಚದರ ಮೀಟರ್, ಹತ್ತಿರ ಹತ್ತಿರ ಒಂದೂವರೆ ಎಕರೆ. (ಬೆಲ್ಲದ ಅಣುವೇ ಅಷ್ಟಿರುತ್ತಲ್ಲ ಅಂತ ಯಾರೂ ಜಗಳಕ್ಕೆ ಬರಬೇಡಿ.) ಬೆಲ್ಲ ಅಷ್ಟೇ, ಮೈ ಮಾತ್ರ ಹೊಲದಷ್ಟು. ಸಣ್ಣದಾದಾಗ ವಸ್ತುವಿನ ಗುಣ ಯಾಕೆ ಬದಲಾಗುತ್ತೆ ಅನ್ನೋ ಮಾತು ಅಲ್ಲಿಂದ ಎತ್ತಬಹುದು.

ಪ್ರಯೋಗಕ್ಕೆ ಬೀರು ಬೇಡ. ಸ್ಟೀಲ್ ಚಮಚವನ್ನ ಇಕ್ಕಳದಲ್ಲಿ ಹಿಡಿದು ಮೇಣದಬತ್ತಿ ಉರಿಗೆ ಒಡ್ಡಿ, ದಪ್ಪಗೆ ಮಸಿ ಕೂರಲಿ. ಪೂರ್ತಿ ಆರಿದ ಮೇಲೆ ನೀರಲ್ಲಿ ಮುಳುಗಿಸಿ. ಕರಿ ಚಮಚ ಬೆಳ್ಳಿಯ ಹಾಗೆ ಹೊಳೆಯುತ್ತೆ. ಮಸಿಯ ಸಣ್ಣ ಕಣಗಳ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡು ನೀರನ್ನ ಹತ್ತಿರ ಬಿಡಲ್ಲ, ಆ ಗಾಳಿ ಪದರದಿಂದ ಬೆಳಕು ವಾಪಸ್ ಬರುತ್ತೆ.

ಜಕ್ಕೂರು ದಾರಿ:
ಮಕ್ಕಳಿಗೆ ಹೇಳೋದು ಅಂದ್ರೆ ರಾವ್ ಅವರಿಗೂ ಇಷ್ಟ. 1989ರಲ್ಲಿ ಅವರು ಬೆಂಗಳೂರಿನ ಜಕ್ಕೂರಲ್ಲಿ ಕಟ್ಟಿದ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಶಾಲಾ ಮಕ್ಕಳ ವಿಜ್ಞಾನಕ್ಕೇ ಒಂದು ವಿಭಾಗ ಇದೆ, ಪತ್ನಿ ಇಂದುಮತಿ ಅವರೂ ಅದರಲ್ಲಿ ಕೆಲಸ ಮಾಡಿದವರು. ಇದನ್ನೂ ಸೇರಿಸಿ.

ಹಳ್ಳಿ ಮೇಷ್ಟ್ರು:
ಮೇಡಂ, ಇವತ್ತೇ ಮಾಡಿ ನೋಡಿದ್ವಿ. ಮೊದಲ ಚಮಚ ಹೊಳೀಲಿಲ್ಲ, ಯಾರೋ ಬೆರಳಾಡಿಸಿದ್ರು. ಎರಡನೇದು ಹೊಳೀತು. ಹಿಡಿದವನು ಕಾರು ಅಂದ ಹುಡುಗನೇ. ಯೂನಿಫಾರ್ಮಿನ ಬಿಳಿ ಅಂಗಿಗೆಲ್ಲ ಮಸಿ. ಸಂಜೆ ಅವರಮ್ಮ ಫೋನ್ ಮಾಡಿದ್ರು, ನಿಮ್ಮಮ್ಮ ಕೇಳಿದ್ದನ್ನೇ ಕೇಳಿದ್ರು.