ರಾಕ್ ಕೇಳುವ ಕಿವಿಗೆ ಜಾಝ್ ಫ್ಯೂಷನ್: ಎಲ್ಲಿಂದ ಶುರು ಮಾಡೋದು?

ಪ್ರಶ್ನೆ
ಹದಿನೈದು ವರ್ಷದಿಂದ ಡೀಪ್ ಪರ್ಪಲ್, ಲೆಡ್ ಜೆಪ್ಪೆಲಿನ್, ಪಿಂಕ್ ಫ್ಲಾಯ್ಡ್ ಬಿಟ್ಟು ಬೇರೇನೂ ಕೇಳಿದವನಲ್ಲ. ಜಾಝ್ ಜೊತೆ ರಾಕ್ ಬೆರೆಸಿದ ಜಾಝ್ ಫ್ಯೂಷನ್ ನೋಡೋಣ ಅಂತ, ಎಲ್ಲರೂ ಹೇಳುವ, ತುತ್ತೂರಿ ವಾದಕ ಮೈಲ್ಸ್ ಡೇವಿಸ್‌ರ ‘ಬಿಚಸ್ ಬ್ರೂ’ ಹಾಕಿದೆ. ಮೂರು ಸಲ ಪ್ರಯತ್ನಿಸಿ ಮೂರು ಸಲವೂ ಹತ್ತು ನಿಮಿಷಕ್ಕೇ ನಿಲ್ಲಿಸಿದೆ. ಹಾಡು ಯಾವಾಗ ಶುರುವಾಗುತ್ತದೆ ಅಂತ ಕಾಯುವುದರಲ್ಲೇ ಹೊತ್ತು ಹೋಯಿತು. ರಾಕ್‌ನಿಂದ ಬಂದವರು ಇದರೊಳಗೆ ಹೇಗೆ ಹೋದಿರಿ?

ಉತ್ತರ
ನಾನೂ ಅದೇ ಹೊಸ್ತಿಲಲ್ಲಿ ಎಡವಿದವನು. 1970ರ ಆ ರೆಕಾರ್ಡಿನಲ್ಲಿ ಒಂದಕ್ಕಿಂತ ಹೆಚ್ಚು ಎಲೆಕ್ಟ್ರಿಕ್ ಪಿಯಾನೋ, ಒಬ್ಬರಿಗಿಂತ ಹೆಚ್ಚು ಡ್ರಮ್ಮರ್‌ಗಳು ಒಟ್ಟಿಗೆ ನುಡಿಸುತ್ತಾರೆ. ಆಲ್ಬಮ್ಮಿನ ಹೆಸರಿನದೇ ಟ್ರ್ಯಾಕ್ ಸುಮಾರು 27 ನಿಮಿಷ ಇದೆ. ಪಲ್ಲವಿಗೆ ಕಾಯುವವರು ಕಾಯುತ್ತಲೇ ಇರಬೇಕು. ಎರಡು ವರ್ಷ ಈ ಸಹವಾಸವೇ ಬೇಡ ಅಂತ ಬಿಟ್ಟಿದ್ದೆ.

ವಾಪಸ್ ಎಳೆದು ತಂದದ್ದು ಟಾಮಿ ಬೋಲಿನ್. ಪರ್ಪಲ್ ಕೇಳುವವರಿಗೆ ಹೆಸರು ಗೊತ್ತಿರುತ್ತದೆ, 1975ರಲ್ಲಿ ರಿಚಿ ಬ್ಲ್ಯಾಕ್‌ಮೋರ್ ಬಿಟ್ಟ ಜಾಗಕ್ಕೆ ಬಂದ ಗಿಟಾರಿಸ್ಟ್. ಅದಕ್ಕೂ ಎರಡು ವರ್ಷ ಮೊದಲು ಅವರು ಡ್ರಮ್ಮರ್ ಬಿಲ್ಲಿ ಕಾಬ್‌ಹ್ಯಾಮ್‌ರ ‘ಸ್ಪೆಕ್ಟ್ರಮ್’ ಆಲ್ಬಮ್ಮಿನಲ್ಲಿ ನುಡಿಸಿದ್ದರು. ಅದರ ಮೊದಲ ಟ್ರ್ಯಾಕ್ ‘ಕ್ವಾಡ್ರಂಟ್ 4’ ಹಾಕಿ ನೋಡಿ. ನಿಮಗೆ ಅದು ಹೊಸದು ಅಂತ ಅನಿಸುವುದೇ ಇಲ್ಲ, ಅಷ್ಟು ರಾಕ್ ಇದೆ. ಆಮೇಲೆ ‘ಸ್ಟ್ರೇಟಸ್’. ಮೊದಲ ಮೂರು ನಿಮಿಷ ಸುಮ್ನೆ ಸದ್ದುಗದ್ದಲ, ಬೇಸರಪಟ್ಟು ಮುಂದೆ ಓಡಿಸಬೇಡಿ. ಬಾಸ್ ಬಂದ ಮೇಲೆ ಮಾತಾಡೋಣ.

ಅಲ್ಲಿಂದ ಮುಂದೆ ನಾನು ಒಬ್ಬ ವಾದಕನ ಬಾಲ ಹಿಡಿದು ಇನ್ನೊಬ್ಬರ ಹತ್ತಿರ ಹೋದೆ. ‘ಸ್ಪೆಕ್ಟ್ರಮ್’ನಲ್ಲಿ ಕೀಬೋರ್ಡ್ ಯಾನ್ ಹ್ಯಾಮರ್‌ರದ್ದು. ಅವರ ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್) ಗಿಟಾರಿನ ಹಾಗೇ ತಂತಿ ಎಳೆದಂತೆ ಕೂಗುತ್ತದೆ, ಎಷ್ಟೋ ಕಡೆ ಯಾವುದು ಯಾವುದು ಅಂತ ನನಗೆ ಈಗಲೂ ಗೊಂದಲ. ಅದೇ ಹ್ಯಾಮರ್ ಗಿಟಾರಿಸ್ಟ್ ಜೆಫ್ ಬೆಕ್‌ರ ‘ವಯರ್ಡ್’ನಲ್ಲಿ (1976) ಇದ್ದಾರೆ. ಅದಕ್ಕೆ ಮುಂಚಿನ ‘ಬ್ಲೋ ಬೈ ಬ್ಲೋ’ (1975) ಇನ್ನೂ ಸುಲಭ. ಬೀಟಲ್ಸ್‌ನ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ ಮಾಡಿಸಿದ್ದು, ಬೀಟಲ್ಸ್‌ನ ಹಾಡೂ ಒಂದಿದೆ. ಕಾಬ್‌ಹ್ಯಾಮ್, ಹ್ಯಾಮರ್ ಇಬ್ಬರೂ ಗಿಟಾರಿಸ್ಟ್ ಜಾನ್ ಮೆಕ್ಲಾಫ್ಲಿನ್‌ರ ಮಹಾವಿಷ್ಣು ಆರ್ಕೆಸ್ಟ್ರಾದವರು. ಮೆಕ್ಲಾಫ್ಲಿನ್ ಮೈಲ್ಸ್ ಜೊತೆ ನುಡಿಸಿದವರು, ಅವರನ್ನು ಹಿಡಿದು ಹೊರಟರೆ ಮತ್ತೆ ಮೈಲ್ಸ್ ಮನೆಗೇ ಬರುತ್ತೀರಿ. ಆದರೆ ಈ ಸಲ ‘ಜ್ಯಾಕ್ ಜಾನ್ಸನ್’ (1971) ಕೇಳಿ. ಅದರ ‘ರೈಟ್ ಆಫ್’ ಸ್ಟುಡಿಯೋದಲ್ಲಿ ಸುಮ್ಮನೆ ಕೂತಿರಲಾರದೆ ಮೆಕ್ಲಾಫ್ಲಿನ್ ಶುರು ಮಾಡಿದ ರಿಫ್ (ಮತ್ತೆ ಮತ್ತೆ ಬರುವ ಪುಟ್ಟ ಸ್ವರದ ತುಣುಕು). ಬಾಸ್ ಮತ್ತು ಡ್ರಮ್ಸ್ ಸೇರಿಕೊಂಡವು, ಎರಡು ನಿಮಿಷದ ಮೇಲೆ ಮೈಲ್ಸ್ ತುತ್ತೂರಿ ಹಿಡಿದು ಒಳಗೆ ಬಂದರು. ಆ ಪ್ರವೇಶ ಕೇಳಿದ ದಿನ ನಾನು ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ಕೇಳಿದ್ದೇನೆ.

ಇನ್ನೊಬ್ಬರು
ಇವರು ಹೇಳಿದ ದಾರಿ ಚೆನ್ನಾಗಿದೆ, ಆದರೆ ಒಂದು ಎಚ್ಚರಿಕೆ. ಗಿಟಾರನ್ನೇ ಹಿಂಬಾಲಿಸಿದರೆ ಕೊನೆಗೆ ಯಾರು ಜಾಸ್ತಿ ವೇಗ ಅನ್ನುವ ಓಟದ ಸ್ಪರ್ಧೆಗೆ ತಲುಪುತ್ತೀರಿ. ನಾನು ತಲುಪಿದೆ, ಒಂದು ವರ್ಷದಲ್ಲಿ ಸುಸ್ತಾಯಿತು. ಹಾಗಾಗಿ ಗಿಟಾರೇ ಇಲ್ಲದ ಒಂದು ಆಲ್ಬಮ್ ಈಗಲೇ ಪಕ್ಕದಲ್ಲಿ ಇಟ್ಟುಕೊಳ್ಳಿ: ಕೀಬೋರ್ಡ್ ವಾದಕ ಹರ್ಬಿ ಹ್ಯಾಂಕಾಕ್‌ರ ‘ಹೆಡ್ ಹಂಟರ್ಸ್’ (1973). ‘ಕಮೀಲಿಯನ್’ನ ಆ ದಪ್ಪ ಬಾಸ್ ರಿಫ್ ಕೂಡ ಹ್ಯಾಂಕಾಕ್ ಸಿಂಥ್‌ನಲ್ಲಿ ನುಡಿಸಿದ್ದು. ‘ವಾಟರ್‌ಮೆಲನ್ ಮ್ಯಾನ್’ ಶುರುವಿನಲ್ಲಿ ಕೊಳಲಿನ ಹಾಗೆ ಕೇಳುವುದು ಬಿಯರ್ ಬಾಟಲಿ, ಬಿಲ್ ಸಮ್ಮರ್ಸ್ ಊದಿದ್ದು! ವೆದರ್ ರಿಪೋರ್ಟ್ ಬ್ಯಾಂಡಿನ ‘ಹೆವಿ ವೆದರ್’ (1977) ಕೂಡ ಹೀಗೆಯೇ. ಅಲ್ಲಿ ಕಿವಿ ಜ್ಯಾಕೋ ಪ್ಯಾಸ್ಟೋರಿಯಸ್‌ರ ಬಾಸ್ ಮೇಲಿರಲಿ. ನಿಜ ಹೇಳಬೇಕೆಂದರೆ ನನಗೆ ಮಹಾವಿಷ್ಣು ಇವತ್ತಿಗೂ ಅರ್ಧ ಗಂಟೆ ಮೀರಿದರೆ ತಲೆನೋವು.

ಡ್ರಮ್ಸ್ ಕಲಿಯುತ್ತಿರುವ ಒಬ್ಬರು
ತಲೆನೋವು ಅಂದಿರಲ್ಲ, ಅದು ಎಣಿಸುವುದರಿಂದ ಬರುತ್ತದೆ. ಮಹಾವಿಷ್ಣುವಿನ ‘ಬರ್ಡ್ಸ್ ಆಫ್ ಫೈರ್’ (1973) ಟ್ರ್ಯಾಕ್ ಹದಿನೆಂಟು ಎಣಿಕೆಯ ಸುತ್ತು. ನಾನು ಬೆರಳು ಮಡಿಸಿ ಎಣಿಸಲು ಹೋದೆ. ಲೆಕ್ಕ ಸಿಕ್ಕಿತು, ಸಂಗೀತ ಕೈತಪ್ಪಿತು. ಈಗ ಸುತ್ತು ಎಲ್ಲಿ ಮತ್ತೆ ಶುರುವಾಗುತ್ತದೆ ಅಷ್ಟನ್ನೇ ಹಿಡಿಯುತ್ತೇನೆ, ಉಳಿದದ್ದು ಕುತ್ತಿಗೆ ನೋಡಿಕೊಳ್ಳುತ್ತದೆ. ಇನ್ನೊಂದು, ಸೋಲೋ ನುಡಿಸುವವರನ್ನು ಒಂದು ಸಲ ಬಿಟ್ಟುಬಿಡಿ. ಅವರ ಬೆನ್ನ ಹಿಂದೆ ಡ್ರಮ್ಮರ್ ಏನು ಮಾಡುತ್ತಿದ್ದಾರೆ ಅಂತ ಕೇಳಿ. ರಾಕ್‌ನಲ್ಲಿ ಡ್ರಮ್ಸ್ ಹೆಚ್ಚಾಗಿ ಹಿಡಿದ ಲಯ ಬಿಡುವುದಿಲ್ಲ. ಇಲ್ಲಿ ಸೋಲೋಗೆ ಎದುರು ಮಾತಾಡುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ಇದು ಕೇಳಿಸುವುದಿಲ್ಲ, ಹೆಡ್‌ಫೋನ್ ಹಾಕಿಕೊಳ್ಳಿ.

ಪ್ರಶ್ನೆ ಕೇಳಿದವರು
ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ‘ಸ್ಟ್ರೇಟಸ್’ ಮೂರನೇ ನಿಮಿಷದಲ್ಲಿ ಆ ಬಾಸ್ ಬಂದಾಗ, ಇದನ್ನು ಎಲ್ಲೋ ಕೇಳಿದ್ದೇನಲ್ಲ ಅನಿಸಿತು. ನೋಡಿದರೆ ಮ್ಯಾಸಿವ್ ಅಟ್ಯಾಕ್ ಬ್ಯಾಂಡಿನವರು ‘ಸೇಫ್ ಫ್ರಮ್ ಹಾರ್ಮ್’ ಹಾಡಿಗೆ ಅದನ್ನೇ ತೆಗೆದುಕೊಂಡಿದ್ದಾರೆ. ವರ್ಷಗಟ್ಟಲೆ ಕಿವಿಗೆ ಬಿದ್ದದ್ದೇ! ‘ಬ್ಲೋ ಬೈ ಬ್ಲೋ’ ದಿನಾ ಓಡುತ್ತಿದೆ. ‘ಹೆಡ್ ಹಂಟರ್ಸ್’ ಇನ್ನೂ ಅರ್ಧಕ್ಕೇ ನಿಂತಿದೆ, ಬಾಟಲಿ ಮಾತ್ರ ಮನೆಯವರಿಗೆಲ್ಲ ಕೇಳಿಸಿದ್ದಾಯಿತು. ‘ಬಿಚಸ್ ಬ್ರೂ’ ಸದ್ಯಕ್ಕೆ ಮುಟ್ಟಲ್ಲ.

ಮೊದಲು ಉತ್ತರಿಸಿದವರು
ಮುಟ್ಟಬೇಡಿ. ನಾನು ಎರಡನೇ ಸಲ ಹಾಕಿದ್ದು ಮೂರು ವರ್ಷದ ಮೇಲೆ. ಆಗಲೂ ರೆಕಾರ್ಡಿನ ಒಂದು ಬದಿ ಮಾತ್ರ.