ಹ್ಯಾಮಕ್ ಮೇಲೆ ಕಟ್ಟೋಕೆ ಹಗುರವಾದ ಟಾರ್ಪ್ ಮನೇಲೇ ಹೊಲಿಯೋದು: ಬಟ್ಟೆ ಎಷ್ಟು, ಹೊಲಿಗೆ ಹೇಗೆ?

ಕಾಡುಹಾದಿ

11 ಅಡಿ ಹ್ಯಾಮಕ್ (ಎರಡು ಮರಗಳ ನಡುವೆ ಕಟ್ಟೋ ತೂಗುಹಾಸಿಗೆ) ಇದೆ. ಮೇಲಕ್ಕೆ ಸದ್ಯ ಇರೋದು ನೀಲಿ ಪ್ಲಾಸ್ಟಿಕ್ ಟಾರ್ಪಾಲು, ಬ್ಯಾಗಿನ ಅರ್ಧ ಜಾಗ ಅದೇ ತಿನ್ನುತ್ತೆ. 500 ಗ್ರಾಂ ಒಳಗೆ ಬರೋ ಟಾರ್ಪ್ ಹೊಲಿಯಬೇಕು. ಮನೇಲಿ ಸಾಮಾನ್ಯ ಹೊಲಿಗೆ ಮಷೀನಿದೆ, ನೇರ ಹೊಲಿಗೆ ಬರುತ್ತೆ. ಯಾವ ಬಟ್ಟೆ, ಎಷ್ಟು ಮೀಟರ್ ಬೇಕು? ಚಿಕ್ಕಪೇಟೆ ಕಡೆ 'ಪ್ಯಾರಾಶೂಟ್ ಬಟ್ಟೆ' ಅಂತ ಕೊಡ್ತಾರಲ್ಲ, ಅದು ನಡೆಯುತ್ತಾ? ಅಂಚನ್ನ ಒಳಕ್ಕೆ ಬಾಗಿಸಿ ಕತ್ತರಿಸಲೇಬೇಕಾ?

ಸೂಜಿಮೊನೆ

'ಪ್ಯಾರಾಶೂಟ್ ಬಟ್ಟೆ' ಅನ್ನೋ ಹೆಸರಲ್ಲಿ ಏನು ಬೇಕಾದ್ರೂ ಇರುತ್ತೆ. ಗಾಳಿಪಟದ ಬಟ್ಟೆಯೂ ಅದೇ, ರೇನ್‌ಕೋಟಿನ ಬಟ್ಟೆಯೂ ಅದೇ. ತುಂಡನ್ನ ಬಾಯಿಗೆ ಒತ್ತಿ ಹಿಡಿದು ಗಾಳಿ ಎಳೆದು ನೋಡಿ. ಗಾಳಿ ಬಂದ್ರೆ ಅಲ್ಲಿಗೇ ಬಿಡಿ. ಬರದಿದ್ರೆ ತೂಕ ಕೇಳಿ. ರೇನ್‌ಕೋಟಿನದು ಸಾಮಾನ್ಯವಾಗಿ ಚದರ ಮೀಟರಿಗೆ 70 ಗ್ರಾಂ ದಾಟುತ್ತೆ, ನಿಮ್ಮ 500 ಗ್ರಾಂ ಲೆಕ್ಕ ಅಲ್ಲೇ ಮುಗೀತು. ನಿಮಗೆ ಬೇಕಾದ್ದು ಎರಡೂ ಬದಿ ಸಿಲಿಕೋನ್ ಹಚ್ಚಿದ ರಿಪ್‌ಸ್ಟಾಪ್ (ಹರಿಯದಂತೆ ಚೌಕುಳಿಯಾಗಿ ನೇಯ್ದ ಬಟ್ಟೆ), ಅಂದ್ರೆ ಸಿಲ್‌ನೈಲಾನ್ ಅಥವಾ ಸಿಲ್‌ಪಾಲಿ, ಚದರ ಮೀಟರಿಗೆ 45 ಗ್ರಾಂ ಆಸುಪಾಸಿನದು.

ಅಳತೆ: 11 ಅಡಿ ಹ್ಯಾಮಕ್ಕನ್ನ ಸರಿಯಾದ ಜೋಲಿನಲ್ಲಿ ಕಟ್ಟಿದ್ರೆ ತುದಿಯಿಂದ ತುದಿಗೆ ಅದರ ಉದ್ದದ ಶೇ 83, ಅಂದ್ರೆ ಸುಮಾರು 278 ಸೆಂ.ಮೀ. ಟಾರ್ಪಿನ ನೆತ್ತಿ (ನಡುವಿನ ಎತ್ತರದ ಗೆರೆ) 335 ಸೆಂ.ಮೀ. ಇಟ್ರೆ ಎರಡೂ ಕಡೆ 28 ಸೆಂ.ಮೀ. ಮುಂಚಾಚು ಸಿಗುತ್ತೆ. ಆರು ಮೂಲೆಯ ಆಕಾರ ಸಾಕು: ನೆತ್ತಿ 335, ಕೆಳಗಿನ ಅಂಚು 183, ಪ್ರತಿ ಬದಿಯ ಇಳಿಜಾರು 145. ಒಟ್ಟು ಸುಮಾರು 7.5 ಚದರ ಮೀಟರ್, ಬಟ್ಟೆ 340 ಗ್ರಾಂ. ಪಟ್ಟಿ, ದಾರ, ಸೀಲಂಟ್ ಸೇರಿ 400ರ ಹತ್ತಿರ ನಿಲ್ಲುತ್ತೆ.

150 ಸೆಂ.ಮೀ. ಪನ್ನದ ಬಟ್ಟೆಯಲ್ಲಿ ಎರಡು ತುಂಡನ್ನ ಒಂದರ ಹಿಂದೆ ಒಂದು ಇಟ್ರೆ 6.8 ಮೀಟರ್ ಬೇಕು. ಎರಡನೆಯದನ್ನ ತಲೆಕೆಳಗು ಮಾಡಿ ಓರೆ ಅಂಚಿಗೆ ಓರೆ ಅಂಚು ಕೂಡಿಸಿದ್ರೆ ಮಡಿಕೆಯ ಬಟ್ಟೆಯೂ ಸೇರಿ 6.25 ಮೀಟರಲ್ಲಿ ಮುಗಿಯುತ್ತೆ. ಎರಡು ತುದಿಯಲ್ಲಿ ಉಳಿಯೋ ತ್ರಿಕೋನಗಳನ್ನ ಎಸೀಬೇಡಿ, ಮೂಲೆಗಳ ಒತ್ತುಪಟ್ಟಿ (ಗಟ್ಟಿಯಾಗಲಿ ಅಂತ ಮೇಲೆ ಹೊಲಿಯೋ ತುಂಡು) ಅದರಲ್ಲೇ ಆಗುತ್ತೆ.

ಅಂಚು ಬಾಗಿಸಲೇಬೇಕು. ನೇರ ಅಂಚಿನಲ್ಲಿ ಎಳೆತ ಮೂಲೆಯಿಂದ ಮೂಲೆಗೆ ಹೋಗುತ್ತೆ, ನಡುವಿನ ಬಟ್ಟೆ ಸಡಿಲ ಉಳಿದು ರಾತ್ರಿಯೆಲ್ಲ ಪಟಪಟ ಬಡಿಯುತ್ತೆ. ಅಡಿಗೆ ಅರ್ಧ ಇಂಚಿನ ಲೆಕ್ಕ ಹಿಡೀರಿ: ಕೆಳಗಿನ ಅಂಚಿಗೆ ನಡುವಿನಲ್ಲಿ 7-8 ಸೆಂ.ಮೀ., ಓರೆ ಅಂಚಿಗೆ 6-7. ಗೋಡೆಗೆ ಎರಡು ಮೊಳೆ ಹೊಡೆದು ಸಣ್ಣ ಸರಪಳಿ ಇಳಿಬಿಡಿ, ಅದು ತೋರಿಸೋ ಬಾಗನ್ನೇ ರಟ್ಟಿಗೆ ಎಳ್ಕೊಳ್ಳಿ. ನೆತ್ತಿ ನೇರವಾಗೇ ಇರಲಿ.

ಹೊಲಿಗೆಗೆ 11ನೇ ನಂಬರ್ ಹೊಸ ಸೂಜಿ, ಪಾಲಿಯೆಸ್ಟರ್ ದಾರ. ಕಾಟನ್ ದಾರ ನೆನೆದು ಕೊಳೆಯುತ್ತೆ. ಟಾಕಿನ ಉದ್ದ 3 ಮಿ.ಮೀ. ಅದಕ್ಕಿಂತ ಚಿಕ್ಕದಾದ್ರೆ ತೂತುಗಳು ಒತ್ತೊತ್ತಾಗಿ ಅಂಚೆಚೀಟಿಯ ಅಂಚಿನಂತೆ ಹರಿಯುತ್ತೆ. ನೆತ್ತಿಗೆ ಜೀನ್ಸ್ ಪ್ಯಾಂಟಿನ ಕಾಲಲ್ಲಿರೋ ಮಡಚು ಹೊಲಿಗೆ, ಎರಡು ಸಾಲು. ಗುಂಡುಪಿನ್ನು ಮಡಿಕೆಯೊಳಗೆ ಬಿಟ್ಟು ಬೇರೆಲ್ಲೂ ಚುಚ್ಚಬೇಡಿ, ಬೈಂಡರ್ ಕ್ಲಿಪ್ ಹಾಕಿ. ಓರೆ ಅಂಚನ್ನ ಮಷೀನಿಗೆ ಕೊಡುವಾಗ ಎಳೆದ್ರೆ ಅದು ಹಿಗ್ಗಿ ಅಲೆಅಲೆಯಾಗುತ್ತೆ, ಆಮೇಲೆ ಸರಿ ಮಾಡೋಕಾಗಲ್ಲ.

ಮಲೆಮಳೆ

ಸೂಜಿಮೊನೆಯವರ ಲೆಕ್ಕ ಸರಿ, ಆಕಾರದ ಬಗ್ಗೆ ಮಾತ್ರ ನನ್ನ ತಕರಾರಿದೆ. ಚಳಿಗಾಲ, ಬೇಸಿಗೆಗೆ ಆರು ಮೂಲೆ ಸಾಕು. ಜುಲೈನಲ್ಲಿ ಘಟ್ಟದ ಕಡೆ ಹೊರಟಿದ್ರೆ ಸಾಲದು. ಅಲ್ಲಿ ಮಳೆ ಗಾಳಿ ಜೊತೆ ಅಡ್ಡಕ್ಕೆ ಬರುತ್ತೆ, ತಲೆ ಮತ್ತು ಕಾಲಿನ ತುದಿಗೆ ಎರಚಲು ಹೊಡೆಯುತ್ತೆ. 335 x 290ರ ಆಯತಾಕಾರವನ್ನೇ ಹೊಲೀರಿ. ಬಟ್ಟೆ 6.8 ಮೀಟರ್, ತೂಕ 100 ಗ್ರಾಂ ಹೆಚ್ಚು, ಆದ್ರೆ ನಾಲ್ಕೂ ಮೂಲೆ ಒಳಕ್ಕೆ ಮಡಚಿ ಬಾಗಿಲಂತೆ ಮುಚ್ಚಬಹುದು. (ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ರಾತ್ರಿ ಉಳಿಯೋ ಹಾಗಿಲ್ಲ, ತೋಟದವರನ್ನ ಕೇಳಿ ಕಟ್ಟಿ.)

ಎರಡರಲ್ಲಿ ನನ್ನ ಓಟು ಸಿಲ್‌ಪಾಲಿಗೆ. ನೈಲಾನ್ ನೀರು ಹೀರಿ ಉದ್ದವಾಗುತ್ತೆ. ಸಂಜೆ ತಂತಿಯಂತೆ ಬಿಗಿದಿದ್ದು ನಡುರಾತ್ರಿ ಜೋತು ಮುಖಕ್ಕೆ ತಾಗುತ್ತೆ. ಪಾಲಿಯೆಸ್ಟರ್ ಹಾಗೆ ಮಾಡೋದು ತೀರಾ ಕಡಿಮೆ. ಹರಿಯೋ ವಿಷಯದಲ್ಲಿ ನೈಲಾನೇ ಗಟ್ಟಿ, ಹಾಗಾಗಿ ಪಾಲಿ ತಗೊಂಡ್ರೆ ಮೂಲೆಗಳಿಗೆ ಎರಡು ಪದರ ಒತ್ತುಪಟ್ಟಿ ಕೊಡಿ. ನೈಲಾನೇ ಸಿಕ್ಕಿದ್ರೆ ಪ್ರತಿ ಹಗ್ಗಕ್ಕೆ ಒಂದು ಗೇಣು ಎಲಾಸ್ಟಿಕ್ ಹುರಿ ಸೇರಿಸಿ, ಸಡಿಲಾದದ್ದನ್ನ ಅದು ಎಳ್ಕೊಳ್ಳುತ್ತೆ.

ಕಾಡುಹಾದಿ

ಇಬ್ಬರಿಗೂ ಥ್ಯಾಂಕ್ಸ್. ಆಯತಾಕಾರವೇ ಹೊಲಿತೀನಿ. ಇನ್ನೆರಡು: ನೆತ್ತಿಯ ಹೊಲಿಗೆಗೆ ಏನು ಹಚ್ಚಲಿ? ಹಗ್ಗ ಕಟ್ಟೋ ಜಾಗಕ್ಕೆ ಲೋಹದ ಕಣ್ಣು ಹೊಡೆಸಲಾ?

ಸೂಜಿಮೊನೆ

ಲೋಹದ ಕಣ್ಣು ಬೇಡ. ಅದಕ್ಕೆ ಬಟ್ಟೆ ತೂತು ಮಾಡಬೇಕು, ಇಷ್ಟು ತೆಳು ಬಟ್ಟೆ ಜೋರು ಗಾಳಿಗೆ ಆ ತೂತಿನಿಂದಲೇ ಸೀಳುತ್ತೆ. 20 ಮಿ.ಮೀ. ಅಗಲದ ಗೀರುಗೀರಿನ ಗಟ್ಟಿ ಪಾಲಿಯೆಸ್ಟರ್ ರಿಬ್ಬನ್ 10 ಸೆಂ.ಮೀ. ಕತ್ತರಿಸಿ, ತುದಿ ಮೇಣದಬತ್ತಿಗೆ ಹಿಡಿದು ಸುಟ್ಟು, ಕುಣಿಕೆ ಮಾಡಿ ಒತ್ತುಪಟ್ಟಿಯ ಮೇಲೆ ಹೊಲೀರಿ. ಹೊಲಿಗೆ ಎಳೆತಕ್ಕೆ ಅಡ್ಡಲಾಗಿ ಮೂರು ಸಾಲು, ಪ್ರತಿ ಸಾಲಲ್ಲೂ ಹಿಂದೆ ಮುಂದೆ ಎರಡು ಸಲ. ನೆತ್ತಿಯ ಎರಡು ತುದಿಯ ಕುಣಿಕೆ ಮೇಲೆ ಅತಿ ಹೆಚ್ಚು ಭಾರ ಬೀಳೋದು, ಅಲ್ಲಿ ಒಂದು ಅಂಗೈಯಷ್ಟು ದೊಡ್ಡ ಒತ್ತುಪಟ್ಟಿ ಇರಲಿ. ಅದರ ಒಳ ಅಂಚು ದುಂಡಗಿರಲಿ, ಚೂಪು ಮೂಲೆ ಬಿಟ್ರೆ ಬಟ್ಟೆ ಅಲ್ಲೇ ಬಿಡುತ್ತೆ.

ಮಲೆಮಳೆ

ಹೊಲಿಗೆಗೆ: ಗಾಜು ಅಂಟಿಸೋ ಪಾರದರ್ಶಕ ಸಿಲಿಕೋನ್ ಸೀಲಂಟ್, ಹುಳಿ ವಾಸನೆ ಬರುತ್ತಲ್ಲ ಅದು. ಒಂದು ಪಾಲಿಗೆ ಪೇಂಟ್ ಅಂಗಡಿಯಲ್ಲಿ ಎಂಟಿಓ ಅಂತ ಸಿಗೋ ಮಿನರಲ್ ಟರ್ಪೆಂಟೈನ್ ಸುಮಾರು ಮೂರು ಪಾಲು. ಮುಚ್ಚಳದ ಡಬ್ಬಿಯಲ್ಲಿ ಗಂಟಿಲ್ಲದೆ ಕರಗೋ ತನಕ ಕುಲುಕಿ. ಟಾರ್ಪನ್ನ ಬಿಗಿಯಾಗಿ ಕಟ್ಟಿ, ಹೊರಬದಿಯಿಂದ ಸಣ್ಣ ಬ್ರಷ್ಷಲ್ಲಿ ಟಾಕುಗಳ ಒಳಕ್ಕೆ ಇಳಿಯೋ ಹಾಗೆ ತಿಕ್ಕಿ. ಹಾಗೆ ಕಟ್ಟಿದಾಗ ಟಾಕಿನ ತೂತು ತೆರೆದಿರುತ್ತೆ, ನೆಲದ ಮೇಲೆ ಹಾಸಿ ಹಚ್ಚಿದ್ರೆ ಮುಚ್ಚಿರುತ್ತೆ. ಕುಣಿಕೆಗಳ ಬುಡಕ್ಕೂ ಹಚ್ಚಿ. ಬೆಂಕಿ ಹತ್ತಿರ ಬೇಡ, ಕಿಟಕಿ ತೆಗೆದಿರಲಿ. ಒಂದಿಡೀ ದಿನ ಒಣಗಿದ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಇಲ್ದಿದ್ರೆ ಮಡಚಿಟ್ಟಾಗ ಒಂದಕ್ಕೊಂದು ಅಂಟ್ಕೊಳ್ಳುತ್ತೆ.

ಕೊನೆಗೆ ರೇನ್‌ಕೋಟಿನ ಪಿಯು (ಪಾಲಿಯುರೆಥೇನ್ ಲೇಪದ) ಬಟ್ಟೆಯನ್ನೇ ತಗೊಂಡ್ರೆ ಈ ಮಿಶ್ರಣ ಹಚ್ಚಬೇಡಿ, ಪಿಯು ಬದಿಗೆ ಸಿಲಿಕೋನ್ ಸರಿಯಾಗಿ ಹಿಡಿಯಲ್ಲ, ಸಿಪ್ಪೆಯಾಗಿ ಎದ್ದು ಬರುತ್ತೆ. ಅದಕ್ಕೆ ಪಿಯು ಸೀಲಂಟ್ ಅಥವಾ ಇಸ್ತ್ರಿ ಶಾಖಕ್ಕೆ ಅಂಟೋ ಸೀಮ್ ಟೇಪ್ ಬೇಕು.