ಏಳು ಹಿಟ್ ಪಾಯಿಂಟ್‌ಗಳ ವಿಝರ್ಡ್‌ನನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ:
ನಾವು ಐವರು ಗೆಳೆಯರು ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯನ್ನು 2014ರ ನಿಯಮಗಳಂತೆ ಆಡುತ್ತಿದ್ದೇವೆ. ಮೊದಲ ಹಂತದ ನನ್ನ ವಿಝರ್ಡ್‌ಗೆ (ಮಂತ್ರವಾದಿ ಪಾತ್ರಕ್ಕೆ) ಇದ್ದದ್ದು 7 ಹಿಟ್ ಪಾಯಿಂಟ್, ಅಂದರೆ ಅಷ್ಟು ಹಾನಿ ತಾಳುವ ಶಕ್ತಿ. ಶತ್ರು ಜೀವಿಯಾದ ಓರ್ಕ್‌ನಿಂದ 40 ಅಡಿ ದೂರದಲ್ಲಿದ್ದೇನೆಂದು ನಿಶ್ಚಿಂತನಾಗಿದ್ದಾಗ ಅದು ಒಂದೇ ಸರದಿಯಲ್ಲಿ ಬಳಿ ಬಂದು ಕೊಡಲಿಯಿಂದ 15 ಹಾನಿ ಮಾಡಿತು. ಡೆತ್ ಸೇವ್‌ಗೂ (ಬಿದ್ದ ಪಾತ್ರ ಬದುಕುಳಿಯಲು ಉರುಳಿಸುವ ದಾಳ) ಅವಕಾಶವಿಲ್ಲದೆ ಪಾತ್ರ ಸತ್ತಿತೆಂದು ಆಟ ನಡೆಸುವ ಡಂಜನ್ ಮಾಸ್ಟರ್ ತೀರ್ಮಾನಿಸಿದರು. ಇದು ಸರಿಯೇ? ಎರಡು ತಿಂಗಳು ಯೋಚಿಸಿ ಕಟ್ಟಿದ ಪಾತ್ರವಾದ್ದರಿಂದ ಬಹಳ ನೋವಾಗಿದೆ.

ಉತ್ತರ 1:
ತೀರ್ಮಾನ ಸರಿಯಾಗಿದೆ. ಪಾತ್ರ ಸೊನ್ನೆಗೆ ಇಳಿದ ಮೇಲೂ ಉಳಿಯುವ ಹಾನಿ ಅದರ ಗರಿಷ್ಠ ಹಿಟ್ ಪಾಯಿಂಟ್‌ಗಳಷ್ಟು ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಸಾವು ತಕ್ಷಣ ಬರುತ್ತದೆ. ನಿಮ್ಮ 7 ಕಳೆದು 8 ಉಳಿದಿತ್ತು. ಕಾನ್‌ಸ್ಟಿಟ್ಯೂಷನ್ (ದೇಹದಾರ್ಢ್ಯದ ಅಂಕ) 14 ಇದ್ದಿದ್ದರೆ ನಿಮಗೆ 8 ಪಾಯಿಂಟ್‌ಗಳಿದ್ದು, ಉಳಿದ ಹಾನಿ 7 ಆಗಿ, ಪಾತ್ರ ಪ್ರಜ್ಞೆ ತಪ್ಪುತ್ತಿತ್ತೇ ಹೊರತು ಸಾಯುತ್ತಿರಲಿಲ್ಲ. ಒಂದೇ ಒಂದು ಪಾಯಿಂಟ್‌ನ ಬೆಲೆ ಇಷ್ಟು.

ಉತ್ತರ 2:
ಓರ್ಕ್‌ನ ವೇಗ 30 ಅಡಿಯಾದರೂ, ಕಣ್ಣಿಗೆ ಕಾಣುವ ಶತ್ರುವಿನತ್ತ ಬೋನಸ್ ಆ್ಯಕ್ಷನ್‌ನಲ್ಲಿ (ಅದೇ ಸರದಿಯ ಹೆಚ್ಚುವರಿ ಕ್ರಿಯೆ) ಇನ್ನೂ 30 ಅಡಿ ಧಾವಿಸುವ ಗುಣ ಅದಕ್ಕಿದೆ. ಫೈರ್ ಬೋಲ್ಟ್ ಮಂತ್ರ 120 ಅಡಿ ತಲುಪುವಾಗ 40 ಅಡಿಯಲ್ಲಿ ನಿಲ್ಲುವ ಅಗತ್ಯವೇ ಇರಲಿಲ್ಲ. ಗುಹೆಯಲ್ಲಿ ಅಷ್ಟು ಜಾಗ ಸಿಗದಿದ್ದರೆ, ಮಂತ್ರ ಪ್ರಯೋಗಿಸಿದೊಡನೆ ಕಂಬದ ಹಿಂದೆ ಅದಕ್ಕೆ ಕಾಣದಂತೆ ಸರಿದುಬಿಡಿ. ನಿದ್ದೆಗೆ ಕೆಡಹುವ ಸ್ಲೀಪ್ ಮಂತ್ರವನ್ನೂ ಮರೆಯಬೇಡಿ: ಎಷ್ಟು ಹಿಟ್ ಪಾಯಿಂಟ್‌ನವರು ಮಲಗುತ್ತಾರೆಂದು ಹೇಳುವ ಎಂಟು ಮುಖದ ಐದು ದಾಳಗಳ ಮೊತ್ತ ಸರಾಸರಿ 22 ದಾಟುತ್ತದೆ, ಓರ್ಕ್‌ಗೆ ಸಾಮಾನ್ಯವಾಗಿ ಇರುವುದು 15 ಹಿಟ್ ಪಾಯಿಂಟ್. ಆದರೆ ಆ ಮಂತ್ರ ಕಡಿಮೆ ಪಾಯಿಂಟ್ ಇರುವವರನ್ನೇ ಮೊದಲು ಹಿಡಿಯುವುದರಿಂದ, ಗಾಯಗೊಂಡ ನಿಮ್ಮವರು ಅದರ 20 ಅಡಿ ವ್ಯಾಪ್ತಿಯಲ್ಲಿರಬಾರದು.

ಉತ್ತರ 3:
ಬಿದ್ದವರನ್ನು ಉಳಿಸುವ ಹೊಣೆ ತಂಡದ್ದು. ಬಿದ್ದ ಪಾತ್ರಕ್ಕೆ ಐದು ಅಡಿಯೊಳಗಿಂದ ತಗುಲುವ ಒಂದೇ ಏಟು ಎರಡು ಡೆತ್ ಸೇವ್ ವಿಫಲವಾದಂತೆ ಎಣಿಕೆಯಾಗುತ್ತದೆ, ಮೂರಕ್ಕೆ ಸಾವು. ಆದ್ದರಿಂದ "ಮುಂದಿನ ಸರದಿಗೆ ನೋಡೋಣ" ಎನ್ನುವುದು ಎಷ್ಟೋ ಪಾತ್ರಗಳನ್ನು ಬಲಿ ತೆಗೆದುಕೊಂಡಿದೆ. ನಿಮ್ಮ ತಂಡದಲ್ಲಿ ಕ್ಲೆರಿಕ್ (ಪುರೋಹಿತ ಪಾತ್ರ) ಇದ್ದರೆ, 60 ಅಡಿ ದೂರದಿಂದ ಬೋನಸ್ ಆ್ಯಕ್ಷನ್‌ನಲ್ಲೇ ಗುಣಪಡಿಸುವ ಮಂತ್ರ ಹೀಲಿಂಗ್ ವರ್ಡ್ ಪ್ರಯೋಗಿಸಬಹುದು. ಉಳಿದವರು ತಲಾ 5 ಚಿನ್ನದ ನಾಣ್ಯ ಕೊಟ್ಟು, ಬಿದ್ದವರು ಸಾಯದಂತೆ ಸ್ಥಿರಗೊಳಿಸುವ ಹೀಲರ್ಸ್ ಕಿಟ್ ಇಟ್ಟುಕೊಳ್ಳಲಿ. ಅದನ್ನು ಹತ್ತು ಬಾರಿ ಬಳಸಬಹುದು, ದಾಳ ಉರುಳಿಸುವ ಅಗತ್ಯವೂ ಇಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಹೊಸ ವಿಝರ್ಡ್‌ಗೆ ಕಾನ್‌ಸ್ಟಿಟ್ಯೂಷನ್ 14 ಇಟ್ಟು ಸ್ಲೀಪ್ ಆರಿಸಿಕೊಂಡಿದ್ದೇನೆ. ಕ್ಲೆರಿಕ್ ಆಡುವ ಗೆಳತಿಯೂ ಪ್ರತಿ ಕಾಳಗಕ್ಕೂ ಒಂದು ಹೀಲಿಂಗ್ ವರ್ಡ್ ಉಳಿಸಿಕೊಳ್ಳುವುದಾಗಿ ಒಪ್ಪಿದ್ದಾರೆ.